ಕಂಪನಿಗಾಗಿ ಒಂದು ವಿಚ್ಛೇದನ

ನಾನ್‌ಶಾನ್, ಶೆನ್‌ಜೆನ್
ನವೆಂಬರ್ 12

ಪ್ರೀತಿಯ ಶಾವ್‌ಬಿನ್,

ಈಚೆಗೆ ನಾವಿಬ್ಬರೂ ಫೋನಿನಲ್ಲಿ ಎರಡೆರಡು ಪದಗಳಲ್ಲೇ ಮುಗಿಸುತ್ತೇವೆ. ಈ ವಿಷಯ ಅಷ್ಟರಲ್ಲಿ ಮುಗಿಯುವಂಥದ್ದಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಿನ್ನೆ ನಿನ್ನ ಕಂಪನಿಯ ವಕೀಲೆ ಮನೆಗೆ ಬಂದಿದ್ದಳು. ಚಿಕ್ಕ ಹುಡುಗಿ. ಕಂಪನಿ ಹಾಂಗ್‌ಕಾಂಗ್ ಷೇರುಪೇಟೆಗೆ ಹೋಗುವ ಮೊದಲು ನನ್ನಿಂದ ಒಂದು ಹೇಳಿಕೆ ಬೇಕಂತೆ: ನಮ್ಮ ವಿಚ್ಛೇದನ ನಿಜವಾದದ್ದು, ಒಳಗೊಳಗೆ ಯಾವ ಒಪ್ಪಂದವೂ ಇಲ್ಲ, ನಿನ್ನ ಷೇರುಗಳ ಮೇಲೆ ನನಗೆ ಹಕ್ಕಿಲ್ಲ. "ಒಂದು ಸೈನ್ ಅಷ್ಟೇ ಅಕ್ಕಾ, ಭಯ ಏನಿಲ್ಲ" ಎಂದಳು. ಮೂರು ವರ್ಷದ ಹಿಂದೆ ನೀನೂ ಹೆಚ್ಚುಕಡಿಮೆ ಹೀಗೇ ಹೇಳಿದ್ದೆ.

ಆಗ ನಿನ್ನ ರೋಬೋಟ್ ಕೈ ನಮ್ಮ ಊಟದ ಮೇಜಿನ ಮೇಲೇ ಇತ್ತು. ಮೊಟ್ಟೆ ಹಿಡಿಯಲು ಕಲಿಯುತ್ತಿತ್ತು. ಅದು ಒಡೆದ ಮೊಟ್ಟೆಗಳನ್ನೆಲ್ಲ ನಾನು ಟೊಮೆಟೊ ಜೊತೆ ಹುರಿಯುತ್ತಿದ್ದೆ. ನಮ್ಮ ಕೆಶಿನ್ ತಟ್ಟೆ ನೋಡಿ, "ಅಪ್ಪಾ, ನಿನ್ನ ರೋಬೋಟ್ ಇವತ್ತೂ ಫೇಲಾ?" ಎಂದು ಕೇಳುತ್ತಿದ್ದಳು. ಹಣ ಹಾಕಲು ಬಂದವರೋ, "ಜಪಾನಿನ ಮಾಲು ಸಿಗೋವಾಗ ನಿಂದ್ಯಾಕಪ್ಪ?" ಎಂದು ನಗುತ್ತಿದ್ದರು. ಈಗ ಅವರೇ ನಿನ್ನ ಕಾರ್ಖಾನೆಯ ಬಾಗಿಲಲ್ಲಿ ಸಾಲು ನಿಂತಿದ್ದಾರಂತೆ. ಪೇಪರಿನಲ್ಲಿ ಓದಿದಾಗ ಹೆಮ್ಮೆಯಾಯಿತು. ಆಮೇಲೆ, ಹೆಮ್ಮೆಪಡಲು ನಾನು ಯಾರು ಎಂದೂ ಅನ್ನಿಸಿತು.

ಕೊನೆಗೆ ಹಣ ಕೊಡಲು ಒಪ್ಪಿದವರ ಇಂಗ್ಲಿಷ್ ಕರಾರನ್ನು ಓದಿ ಹೇಳಿದವಳು ನಾನೇ. ಹೇಳಿದ ಗಡುವಿನೊಳಗೆ ಷೇರುಪೇಟೆ ಮುಟ್ಟದಿದ್ದರೆ ಅವರ ಹಣವನ್ನೆಲ್ಲ ನೀನೇ ಹಿಂದಿರುಗಿಸಬೇಕು, ಮನೆಯೂ ಹೋಗಬಹುದು. ವಿಚ್ಛೇದನ ಪಡೆದು ಮನೆಯನ್ನು ನನ್ನ ಹೆಸರಿಗೆ ಮಾಡೋಣ ಎಂದೆ ನೀನು. "ಕಂಪನಿ ಮಾಡ್ದೋರೆಲ್ಲ ಹೀಗೇ ಮಾಡೋದು ಕಣೇ, ಗೆದ್ದ ಮಾರನೇ ದಿನ ಮತ್ತೆ ಮದುವೆ ಆಗೋಣ."

ನೋಂದಣಿ ಕಚೇರಿಯ ಹೆಂಗಸು ನೆನಪಿದ್ದಾಳಾ? ನಾವು ಕೈಕೈ ಹಿಡಿದು ಹೋಗಿದ್ದನ್ನು ನೋಡಿ, "ಮದುವೆ ಕೌಂಟರ್ ಆ ಕಡೆ ಕಣ್ರಮ್ಮಾ" ಎಂದಳು. ಕಾನೂನಿನಂತೆ ಒಂದು ತಿಂಗಳು ಯೋಚಿಸಿ ಬನ್ನಿ ಎಂದು ಕಳಿಸಿದಳು. ಆ ತಿಂಗಳಲ್ಲಿ ನಾವು ಹೊಸದಾಗಿ ಮದುವೆಯಾದವರಂತೆ ಇದ್ದೆವು, ಯೋಚಿಸಿದ್ದು ಮಾತ್ರ ಇಲ್ಲ.

ಯಾರಿಗೂ ಅನುಮಾನ ಬಾರದಿರಲಿ ಎಂದು ನೀನು ಡೊಂಗ್‌ಗುವಾನ್‌ನ ಕಾರ್ಖಾನೆಯ ಕೋಣೆಗೆ ಹೋದೆ. ಮೊದಮೊದಲು ಶನಿವಾರ ಬರುತ್ತಿದ್ದೆ. ಆಮೇಲೆ ಹಬ್ಬಗಳಿಗೆ. ಈ ಸಲದ ಶರತ್ಕಾಲದ ಹುಣ್ಣಿಮೆಗೆ ಮೂನ್‌ಕೇಕಿನ ಡಬ್ಬಿಯನ್ನು ಡ್ರೈವರ್ ತಂದುಕೊಟ್ಟ. ನಾನೂ ಕರೆಯಲಿಲ್ಲ. ನಿನ್ನ ಕೆಲಸ ಕೆಡದಿರಲಿ ಎಂದು ಸುಮ್ಮನಿದ್ದೆನೋ, ಕರೆದರೂ ಬರಲಿಕ್ಕಿಲ್ಲ ಎಂಬ ಹೆದರಿಕೆಗೆ ಸುಮ್ಮನಿದ್ದೆನೋ, ಇವತ್ತಿಗೂ ತಿಳಿಯದು.

ವಕೀಲೆ ಕೊನೆಗೆ, "ಇಬ್ಬರೂ ಕೊನೇ ಸಲ ಜೊತೆಗೆ ಊಟ ಮಾಡಿದ್ದು ಯಾವಾಗ ಅಕ್ಕಾ?" ಎಂದು ಕೇಳಿದಳು. ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ನಾವು ಹೇಳಿದ ಸುಳ್ಳು ನಮಗೆ ತಿಳಿಯದಂತೆ ಯಾವಾಗಲೋ ನಿಜವಾಗಿಬಿಟ್ಟಿದೆಯಾ ಶಾವ್‌ಬಿನ್?

ಆ ಹೇಳಿಕೆಗೆ ಸಹಿ ಹಾಕಿದ್ದೇನೆ. ಅವಳ ಕೈಗೆ ಕೊಡದೆ ಇದರ ಜೊತೆಗೇ ನಿನಗೆ ಕಳಿಸುತ್ತಿದ್ದೇನೆ. ಅದರಲ್ಲಿರುವುದು ನಿಜವೆನಿಸಿದರೆ ಅವಳಿಗೆ ಕೊಟ್ಟುಬಿಡು, ನನಗೆ ಫೋನ್ ಮಾಡುವುದೂ ಬೇಡ. ಸುಳ್ಳೆನಿಸಿದರೆ ಮನೆಗೆ ತೆಗೆದುಕೊಂಡು ಬಾ. ಷೇರುಪೇಟೆ ತಡವಾದರೆ ಏನೇನು ಕಳೆದುಕೊಳ್ಳುತ್ತೀಯ ಎಂಬುದು ನನಗೆ ಗೊತ್ತು. ಗೊತ್ತಿದ್ದೇ ಕೇಳುತ್ತಿದ್ದೇನೆ.

ಶೆನ್‌ಜೆನ್‌ನಲ್ಲಿ ಇನ್ನೂ ಸೆಕೆ. ನಿಮ್ಮಲ್ಲೂ ಹಾಗೇ ಇರಬೇಕು. ಆರೋಗ್ಯ ನೋಡಿಕೋ.

ನಿನ್ನ (ಬೇರೆ ಏನು ಬರೆಯಬೇಕೋ ತಿಳಿಯಲಿಲ್ಲ)
ಪೇವೆನ್

ಮರೆತಿದ್ದೆ: ಭಾನುವಾರ ನಿನ್ನ ಅಮ್ಮ ಹೆಂಗ್‌ಯಾಂಗ್‌ನಿಂದ ಫೋನ್ ಮಾಡಿದ್ದರು. ಅವರಿಗೆ ನಾನು ಇಂದಿಗೂ ಏನೂ ಹೇಳಿಲ್ಲ. "ಎಲ್ಲೇ ನನ್ನ ಮಗ? ಯಾವಾಗ್ ಕೇಳಿದ್ರೂ ಸ್ನಾನ ಅಂತೀಯಲ್ಲ, ಮೀನೇನೇ ಅವನು?" ಎಂದರು. ಅವರಿಗೆ ಕೇಳಿಸಲಿ ಎಂದು ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿದೆ. ಅವರು ಫೋನ್ ಇಟ್ಟ ಮೇಲೂ ಬಹಳ ಹೊತ್ತು ನೀರು ನಿಲ್ಲಿಸಲಿಲ್ಲ.