ಕಹಿ ಕಡಿಮೆಯಾದ ಡಬ್ಬಿ

ಮನೆ, ಮಹಡಿಯ ಕೋಣೆ
ಮಾರ್ಚ್ ೮, ಭಾನುವಾರ ಮಧ್ಯಾಹ್ನ

ಪ್ರೀತಿಯ ತಮ್ಮಾ,

ಹೇಗಿದ್ದೀಯ? ಮೊಣಕಾಲಿನ ನೋವು ಎಷ್ಟಕ್ಕೆ ಬಂತು? ಲಿಫ್ಟಿನ ಗುಂಡಿಗಿಳಿದು ಕುಕ್ಕರುಗಾಲಲ್ಲಿ ಕೂತು ರಿಪೇರಿ ಮಾಡುವವನಿಗೆ ಮೊಣಕಾಲೇ ಬಂಡವಾಳ, ಉದಾಸೀನ ಮಾಡಬೇಡ. ಇಲ್ಲಿ ಎಲ್ಲರೂ ಆರೋಗ್ಯ. ನಿನ್ನ ಹೆಂಡತಿಗೆ ಶೀತವಾಗಿತ್ತು, ಈಗ ವಾಸಿ. ನಿನ್ನ ಮಗಳು ಗುಬ್ಬಿಗೆ ಏಳು ವರ್ಷ ತುಂಬಿದ ಮೇಲೆ ಇನ್ನು ತನ್ನ ಜಡೆ ತಾನೇ ಹೆಣೆದುಕೊಳ್ಳುವುದಾಗಿ ಮನೆಗೆಲ್ಲ ನೋಟಿಸು ಕೊಟ್ಟಿದ್ದಾಳೆ. ಒಂದು ಜಡೆ ಕಿವಿಯ ಮೇಲೆ, ಇನ್ನೊಂದು ಕತ್ತಿನ ಹತ್ತಿರ. ಯಾರೂ ನಗಕೂಡದೆಂದು ಅವಳ ಅಮ್ಮನ ಕಟ್ಟಪ್ಪಣೆ.

ಭಾನುವಾರ ಹೇಗೂ ಫೋನ್ ಮಾಡುತ್ತೀಯಲ್ಲ, ಕಾಗದ ಯಾಕೆ ಅಂದುಕೊಳ್ಳಬಹುದು. ಫೋನಿನಲ್ಲಿ ನೀನು ಎರಡು ನಿಮಿಷಕ್ಕಿಂತ ಹೆಚ್ಚು ನಿಲ್ಲುವುದಿಲ್ಲ. ಮಗಳು ಹೇಗಿದ್ದಾಳೆ ಅನ್ನುತ್ತೀಯ, ಚೆನ್ನಾಗಿದ್ದಾಳೆ ಅಂದ ಕೂಡಲೇ ಇಟ್ಟುಬಿಡುತ್ತೀಯ. ನಾನು ಹೇಳಬೇಕಾದುದಕ್ಕೆ ಅಷ್ಟು ಹೊತ್ತು ಸಾಲದು. ನಿಜ ಹೇಳಬೇಕೆಂದರೆ ನನಗೆ ಧೈರ್ಯವೂ ಸಾಲದು. ಕಾಗದದಲ್ಲಿ ನಡುವೆ ನಿಲ್ಲಿಸಿ ಕಿಟಕಿಯಾಚೆ ನೋಡಬಹುದು.

ನನ್ನ ಕೆಲಸವೇನೆಂದು ನೀನು ಯಾವತ್ತೂ ಸರಿಯಾಗಿ ಕೇಳಿದವನಲ್ಲ, "ಅಣ್ಣ ಹಾಲು ಕತ್ತರಿಸ್ತಾನೆ" ಎಂದು ಊರಿಗೆಲ್ಲ ತಮಾಷೆ ಮಾಡಿದವನು. ತಮಾಷೆಯಾದರೂ ಅದು ಸರಿಯೇ. ಹಾಲಿನ ಪ್ರೋಟೀನು ಉದ್ದನೆಯ ಸರದ ಹಾಗೆ. ಗುಬ್ಬಿಯಂಥ ಮಕ್ಕಳ ಮೈ ಆ ಸರವನ್ನು ಗುರುತು ಹಿಡಿದು ಶತ್ರು ಬಂದನೆಂದು ರಂಪ ಮಾಡುತ್ತದೆ. ನಾವು ಅದಕ್ಕೆ ಕಿಣ್ವ ಹಾಕುತ್ತೇವೆ. ಹೊಟ್ಟೆಯೊಳಗೆ ಆಹಾರವನ್ನು ಜೀರ್ಣ ಮಾಡುತ್ತದಲ್ಲ, ಅದೇ ಜಾತಿಯದು. ಐವತ್ತು ಡಿಗ್ರಿ ಬಿಸಿಯಲ್ಲಿ ನಾಲ್ಕು ಗಂಟೆ ಬಿಟ್ಟರೆ ಅದು ಸರವನ್ನು ಚೂರುಚೂರು ಮಾಡುತ್ತದೆ, ಮೈಗೆ ಗುರುತು ಸಿಗುವುದಿಲ್ಲ. ಆಮೇಲೆ ಬಿಸಿ ಏರಿಸಿ ಕಿಣ್ವವನ್ನು ಕೊಂದು, ಹಾಲನ್ನು ಒಣಗಿಸಿ ಪುಡಿ ಮಾಡುತ್ತೇವೆ. ತೊಂದರೆ ಒಂದೇ, ಚೂರು ಸಣ್ಣದಾದಷ್ಟೂ ಕಹಿ ಹೆಚ್ಚು. "ಕಹಿ ಇದ್ರೆ ಸಂತೋಷಪಡಿ, ಕೆಲಸ ಆಗಿದೆ ಅಂತ ಅರ್ಥ" ಎಂದು ನಮ್ಮ ಮುಖ್ಯಸ್ಥರು ಹೊಸಬರಿಗೆಲ್ಲ ಹೇಳುತ್ತಾರೆ. ಹತ್ತೊಂಬತ್ತು ವರ್ಷದಿಂದ ನಾನೂ ಅದನ್ನೇ ಹೇಳಿಕೊಂಡು ಬಂದಿದ್ದೇನೆ.

ಹೋದ ಏಪ್ರಿಲ್‌ನಲ್ಲಿ ಗುಬ್ಬಿ ಆ ಪುಡಿಯ ಹಾಲನ್ನು ಕಹಿಯೆಂದು ಮೂರು ದಿನ ಉಗಿದಳು. ನಾಲ್ಕನೆಯ ದಿನ ನಾನು ಬೇರೊಂದು ಡಬ್ಬಿ ತಂದುಕೊಟ್ಟೆ. ನೀನು ಕಲಸಿಕೊಟ್ಟೆ, ಅವಳು ಅರ್ಧ ಲೋಟ ಗಟಗಟನೆ ಕುಡಿದು "ಇದು ಚೆನ್ನಾಗಿದೆ" ಅಂದಳು. ಕಾಲು ಗಂಟೆಯಲ್ಲಿ ತುಟಿ ಊದಿತು, ಉಸಿರು ಸಿಕ್ಕಿಕೊಂಡಿತು. ಆಸ್ಪತ್ರೆಗೆ ಅವಳನ್ನು ಎತ್ತಿಕೊಂಡು ಓಡಿದವನು ನೀನು. ಇಂಜೆಕ್ಷನ್ ಕೊಟ್ಟು ಉಸಿರು ಸರಿಹೋದ ಮೇಲೆ ಬೆಂಚಿನ ಮೇಲೆ ಕೂತು ಅಂದೆ: "ಟೀಗೆ ಹಾಕೋ ಹಾಲಿನಪುಡಿ ಚಮಚಾನ ತೊಳೀದೆ ಅವಳ ಡಬ್ಬಿಗೇ ಹಾಕಿದ್ನೇನೋ ಅಣ್ಣ." ನಾನು ಪಕ್ಕದಲ್ಲೇ ಇದ್ದೆ. ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ. ಮೂರನೆಯ ವಾರ ನೀನು ಆ ದೂರದ ಕೆಲಸ ಹಿಡಿದು ಹೊರಟೆ. "ನನ್ನ ಕೈಯಿಂದ ಅವಳಿಗೆ ಇನ್ನು ನೀರೂ ಬೇಡ" ಎಂದು ಹೇಳಿ ಹೋದವನು ನೀನು.

ನೀನು ಹೋದ ಮೇಲೆ ಮನೆ ಹೇಗಿದೆಯೆಂದು ನಿನಗೆ ಗೊತ್ತಿಲ್ಲ. ಚಮಚಕ್ಕೆ ಅಂಟಿದ ಪುಡಿಗೇ ಹೀಗಾಯಿತೆಂದರೆ ಇನ್ನು ಯಾವುದನ್ನು ನಂಬುವುದು? ಅವಳ ಪಾತ್ರೆಗಳು ಬೇರೆ, ತೊಳೆಯುವ ಸಿಂಕು ಬೇರೆ. ಶಾಲೆಯಲ್ಲಿ ಮಧ್ಯಾಹ್ನ ಟೀಚರ ಕೋಣೆಯ ಮೂಲೆಯಲ್ಲಿ ಒಬ್ಬಳೇ ಕೂತು ಡಬ್ಬಿ ಬಿಚ್ಚುತ್ತಾಳೆ. ಬೇರೆ ಮಕ್ಕಳ ಹುಟ್ಟುಹಬ್ಬಕ್ಕೆ ಕಳಿಸುವುದಿಲ್ಲ. ಹಾಲು ಕುಡಿದು ಬಾಯಿ ಸುಟ್ಟ ಬೆಕ್ಕು ಮಜ್ಜಿಗೆಯನ್ನೂ ಊದಿ ಕುಡಿಯಿತಂತೆ. ನಮ್ಮ ಮನೆಯಲ್ಲಿ ನೀರನ್ನೂ ಊದುತ್ತಿದ್ದೇವೆ.

ಗುರುವಾರ ಅವಳನ್ನು ಅಲರ್ಜಿ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದೆವು. ಹನಿಯಿಂದ ಶುರುಮಾಡಿ ಸ್ವಲ್ಪಸ್ವಲ್ಪವೇ ಹಾಲು ಕೊಟ್ಟು, ಎಷ್ಟರವರೆಗೆ ತಡೆಯುತ್ತಾಳೆಂದು ಆಸ್ಪತ್ರೆಯಲ್ಲೇ ನೋಡುತ್ತಾರಂತೆ. ತಡೆದಳೆಂದರೆ ಮುಂದೆ ಚಿಕಿತ್ಸೆ ಉಂಟು. ಡಾಕ್ಟರು ಹಳೆಯ ಚೀಟಿ ಓದಿದರು, ನಿನ್ನ ಹೆಂಡತಿ ಚಮಚದ ಕಥೆ ಹೇಳಿದಳು. ಅವರು ಪೆನ್ನು ಮುಚ್ಚಿಟ್ಟರು. "ಚಮಚಕ್ಕೆ ಅಂಟಿದ್ದಷ್ಟಕ್ಕೇ ಹೀಗಾಗಿದ್ರೆ ಈ ಪರೀಕ್ಷೆ ಮಾಡೋ ಧೈರ್ಯ ನನಗಿಲ್ಲಮ್ಮ. ಇವಳಿಗೆ ಬೇಡ." ಗುಬ್ಬಿ ಕುರ್ಚಿಯಲ್ಲಿ ಕಾಲು ಆಡಿಸುತ್ತಿದ್ದಳು. ಆಡಿಸುವುದನ್ನು ನಿಲ್ಲಿಸಿದಳು.

ತಮ್ಮಾ, ನಾಲ್ಕನೆಯ ದಿನ ತಂದುಕೊಟ್ಟ ಆ ಡಬ್ಬಿಯ ಪುಡಿಯನ್ನು ನಾನೇ ಮಾಡಿದ್ದು. ಪ್ರಯೋಗಶಾಲೆಯ ಸಣ್ಣ ತೊಟ್ಟಿಯಲ್ಲಿ, ಅವಳೊಬ್ಬಳಿಗಾಗಿ. ಅವಳು ಉಗಿಯಬಾರದೆಂದು ನಾಲ್ಕು ಗಂಟೆಯ ಬದಲು ಎರಡೂವರೆ ಗಂಟೆಗೇ ಕಿಣ್ವವನ್ನು ಕೊಂದೆ. ನಾಲಿಗೆಗಿಟ್ಟು ನೋಡಿದೆ, ಕಹಿ ಇರಲಿಲ್ಲ. ಹತ್ತೊಂಬತ್ತು ವರ್ಷ ಕಹಿಯನ್ನು ಹುಡುಕಿದವನು ಆವತ್ತು ಕಹಿ ಇಲ್ಲವೆಂದು ಹಿಗ್ಗಿದೆ. ನಮ್ಮಲ್ಲಿ ಪುಡಿಯನ್ನು ಪರೀಕ್ಷೆ ಮಾಡುವ ಹೆಂಗಸು ರಜೆಯಲ್ಲಿದ್ದಳು. ನನಗಿಂತ ಅವಳಿಗೇನು ಹೆಚ್ಚು ಗೊತ್ತೆಂದು ಡಬ್ಬಿ ಮನೆಗೆ ತಂದೆ. ಉಳಿದ ಪುಡಿಯನ್ನು ವಾರದ ಮೇಲೆ ಪರೀಕ್ಷೆಗೆ ಕೊಟ್ಟೆ. ಕಾಲು ಭಾಗ ಸರ ಕತ್ತರಿಸದೆ ಹಾಗೇ ಉಳಿದಿತ್ತು. ನಿನ್ನ ಚಮಚದಲ್ಲಿ ಏನೇ ಅಂಟಿರಲಿ, ಅದು ಲೆಕ್ಕಕ್ಕಿಲ್ಲ. ಆ ಫಲಿತಾಂಶದ ಕಾಗದ ನನ್ನ ಮೇಜಿನ ಸೆಳೆಖಾನೆಯಲ್ಲಿದೆ. ನೀನು ರೈಲು ಹತ್ತಿದ ದಿನವೂ ಅಲ್ಲೇ ಇತ್ತು. ಕುಂಬಳಕಾಯಿ ಕಳ್ಳ ಅಂದಾಗ ಹೆಗಲು ಮುಟ್ಟಿ ನೋಡಿಕೊಂಡವನು ನೀನು, ಕಾಯಿ ಇದ್ದದ್ದು ನನ್ನ ಹೆಗಲ ಮೇಲೆ.

ನಾನು ಯಾಕೆ ಸುಮ್ಮನಿದ್ದೆ? ಕೆಲಸ ಹೋಗುವ ಭಯವೆಂದು ಮೊದಲು ಅಂದುಕೊಂಡಿದ್ದೆ. ಅದಲ್ಲ. ಮನೆಯಲ್ಲಿ ಒಬ್ಬ ತಪ್ಪಿತಸ್ಥ ಆಗಲೇ ಇದ್ದ, ಇನ್ನೊಬ್ಬನ ಜಾಗ ಖಾಲಿ ಇರಲಿಲ್ಲ. ಇಷ್ಟೇ ಇರಬಹುದು. ಬರೆದ ಮೇಲೆ ಓದಿದರೆ ಇದೂ ಜಾಣತನದ ಮಾತಿನಂತೆ ಕಾಣುತ್ತದೆ.

ಶುಕ್ರವಾರ ಆ ಕಾಗದ ಹಿಡಿದು ಡಾಕ್ಟರ ಹತ್ತಿರ ಹೋದೆ. ಎಷ್ಟು ಪುಡಿ, ಎಷ್ಟು ನೀರು, ಎಷ್ಟು ಕುಡಿದಳು, ಎಲ್ಲ ಹೇಳಿದೆ. ಅವರು ನನ್ನನ್ನು ಬಯ್ಯಲಿಲ್ಲ. ಹೀಗಾದದ್ದು ಚಮಚಕ್ಕೆ ಅಂಟಿದ ಚೂರಿಗಲ್ಲ, ಅರ್ಧ ಲೋಟಕ್ಕೆ, ಹಾಗಾದರೆ ಅವಳ ಮೈ ನಾವೆಲ್ಲ ಹೆದರಿದ್ದಕ್ಕಿಂತ ಎಷ್ಟೋ ಪಾಲು ಗಟ್ಟಿ, ಪರೀಕ್ಷೆ ಮಾಡಬಹುದು ಅಂದರು. ಅಲ್ಲಿಂದ ಕೆಲಸಕ್ಕೆ ಹೋಗಿ ಮುಖ್ಯಸ್ಥರಿಗೂ ಹೇಳಿದೆ. ಸದ್ಯಕ್ಕೆ ತೊಟ್ಟಿಗಳ ಹತ್ತಿರ ಹೋಗಬೇಡಿ ಅಂದಿದ್ದಾರೆ. ನಿನ್ನೆ ನಿನ್ನ ಹೆಂಡತಿಗೆ ಹೇಳಿದೆ. ಅವಳು ಒಗೆದ ಬಟ್ಟೆ ಮಡಿಸುತ್ತಿದ್ದಳು. ಎಲ್ಲ ಮಡಿಸಿ ಮುಗಿಸಿ ಅಂದಳು: "ಭಾವ, ಹನ್ನೊಂದು ತಿಂಗಳು ಆ ಚಮಚಕ್ಕಾಗಿ ಅವರನ್ನ ಬೈಕೊಂಡಿದ್ದೀನಿ. ಅದನ್ನೆಲ್ಲ ಈಗ ಹೇಗೆ ವಾಪಸ್ ತಗೊಳ್ಳಲಿ?" ಊಟಕ್ಕೆ ನನ್ನ ತಟ್ಟೆ ಇಟ್ಟಳು, ಬಡಿಸಲಿಲ್ಲ. ನಾನೇ ಬಡಿಸಿಕೊಂಡೆ.

ಕ್ಷಮಿಸು ಎಂದು ಬರೆದು ಹೊಡೆದುಹಾಕಿದ್ದೇನೆ, ಗೀಟು ಕಾಣಿಸುತ್ತಿರಬಹುದು. ಕೇಳುವ ಸರದಿ ನನ್ನದಲ್ಲ ಅನ್ನಿಸಿತು. ಮೊಣಕಾಲಿಗೆ ಬಿಸಿ ಶಾಖ ಕೊಡು. ನಿನಗೆ ಒಳ್ಳೆಯದಾಗಲಿ, ಹಿರಿಯನಾಗಿ ಇಷ್ಟನ್ನು ಹೇಳುವ ಹಕ್ಕಾದರೂ ಉಳಿದಿದ್ದರೆ.

ಇಂತು,
ನಿನ್ನ ಅಣ್ಣ

ತಾ.ಕ.: ಲಕೋಟೆ ಅಂಟಿಸುವ ಮೊದಲು. ಪರೀಕ್ಷೆ ಹತ್ತೊಂಬತ್ತನೇ ತಾರೀಖು, ಗುರುವಾರ, ಬೆಳಿಗ್ಗೆ ಎಂಟೂವರೆಗೆ. ಸಂಜೆಯವರೆಗೂ ಅರ್ಧರ್ಧ ಗಂಟೆಗೊಮ್ಮೆ ಕೊಡುತ್ತಾರೆ, ಹಾಸಿಗೆಯ ಪಕ್ಕ ಮನೆಯವರು ಒಬ್ಬರು ಕೂತು ಕುಡಿಸಬೇಕು. ಗುಬ್ಬಿಗೂ ಇವತ್ತು ಅರ್ಥವಾಗುವ ಹಾಗೆ ಎಲ್ಲ ಹೇಳಿದೆ. ಜಡೆಯ ತುದಿ ಬಿಚ್ಚಿ ಮತ್ತೆ ಹೆಣೆದುಕೊಂಡು ಅಂದಳು: "ಹಾಗಾದ್ರೆ ದೊಡ್ಡಪ್ಪ, ಅವತ್ತು ನೀನು ಹೊರಗಡೆ ಕೂತ್ಕೋ. ಲೋಟ ಅಪ್ಪ ಹಿಡ್ಕೊಳ್ಳಲಿ." ನಾನು ಹೊರಗಡೆ ಕೂರುತ್ತೇನೆ. ನೀನು ಬುಧವಾರ ಮಧ್ಯಾಹ್ನದ ರೈಲಿಗೇ ಹೊರಡು. ರಾತ್ರಿಯದು ಇಲ್ಲಿಗೆ ಬರುವಾಗ ಬೆಳಿಗ್ಗೆ ಒಂಬತ್ತಾಗುತ್ತದೆ, ಅಷ್ಟರಲ್ಲಿ ಮೊದಲ ಹನಿ ಕೊಟ್ಟಾಗಿರುತ್ತದೆ.