ನಿನ್ನ ಹೆಸರಿನ ಟಪಾಲು

ಕಮಲಾಪುರ, ಶುಕ್ರವಾರ
ಫಸಲಿ ೧೩೨೯

ಬಸಲಿಂಗಮ್ಮ,

ನೀನು ಮಣ್ಣಾಗಿ ಐದು ತಿಂಗಳಾಯಿತು. ನಿನ್ನ ಮಗಳು ಮಾತ್ರ ಇನ್ನೂ ವಾರವಾರ ನಿನಗೇ ಕಾಗದ ಬರೆಯುತ್ತಿದ್ದಾಳೆ. ಅಂಚೆಯ ಹುಸೇನಸಾಬ ಬಾಗಿಲಲ್ಲಿ ನಿಂತು, "ಬಸಲಿಂಗಮ್ಮನವರ ಟಪಾಲ್ ರೀ!" ಎಂದು ಓಣಿಗೆಲ್ಲ ಕೇಳುವಂತೆ ಕೂಗುತ್ತಾನೆ. ಸಾಕಾಗಿ, ಮೊನ್ನೆ ಗಾಡಿ ಕಟ್ಟಿಸಿಕೊಂಡು ಕಲಬುರಗಿಯ ಕಾನ್ವೆಂಟಿಗೆ ಹೋದೆ.

ಶನಿವಾರ ಹುಡುಗಿಯರೆಲ್ಲ ಮನೆಗೆ ಇಂಗ್ಲಿಷಿನಲ್ಲಿ ಕಾಗದ ಬರೆಯಬೇಕು, ಸಿಸ್ಟರ್ ಅದನ್ನು ಕೆಂಪು ಶಾಯಿಯಲ್ಲಿ ತಿದ್ದಬೇಕು. ಅಲ್ಲಿಯ ಕಾನೂನು ಅದು.

"ಆಕಿ ತೀರಿಹೋದ ತಾಯಿಗಿ ಬರ್ಯಾಕತ್ತಾಳ, ನೀವು ವ್ಯಾಕರಣ ತಿದ್ದಾಕತ್ತೀರೇನ್ರಿ?" ಎಂದು ಕೇಳಿದೆ. ಸಿಸ್ಟರ್ ನಮ್ಮ ನೀಲಮ್ಮನನ್ನು ಕರೆಸಿದರು.

"ಇನ್ನ ಮ್ಯಾಲ ನನ್ನ ಹೆಸರಿಗಿ ಬರಿ," ಎಂದೆ.

"ನಿಮಗ್ಯಾಕ್ ಬರೀಲಿ ಅಪ್ಪಾ? ಅವ್ವನ ಮಣ್ಣಿಗಿ ಬಂದಾಗ ನನ್ನ ಹಳೇ ಕಾಗದ ನೋಡೀನಿ. ಒಂದೂ ಒಡದಿದ್ದಿಲ್ಲ."

ಸಿಸ್ಟರ್ ಎದುರಿಗೇ ಹೀಗೆಂದಳು. ಅಲ್ಲಿ ಕಲಿಸುವುದು ಇದನ್ನೇ ಇರಬೇಕು. ಗಾಡಿ ಹತ್ತಿ ತಿರುಗಿ ಬಂದೆ.

ನಮ್ಮ ಮನೆಯಲ್ಲಿ ಇಂಗ್ಲಿಷ್ ಬಲ್ಲವನು ನಾನೊಬ್ಬನೇ. ಕಚೇರಿಯಿಂದ ಬಂದೊಡನೆ ನೀನು ಕಾಗದ ಹಿಡಿದು ಎದುರು ನಿಲ್ಲುತ್ತಿದ್ದೆ. ನಾಳೆ ಓದಿ ಹೇಳುತ್ತೇನೆ ಎಂದು ನಾನು ಅನ್ನುತ್ತಿದ್ದೆ. ಎಲ್ಲವನ್ನೂ ಪೂಜೆಯ ಗೂಡಿನಲ್ಲಿ ಜೋಡಿಸಿಟ್ಟಿದ್ದೀಯಲ್ಲ, ವಿಭೂತಿ ಮೆತ್ತಿಕೊಂಡಿದೆ.

ಇವತ್ತು ಶುಕ್ರವಾರ, ನಿಜಾಮರ ಕಚೇರಿಗೆ ರಜೆ. ಎಲ್ಲಕ್ಕಿಂತ ಹಳೆಯದನ್ನು ಒಡೆದಿದ್ದೇನೆ. ಮೊದಲ ಸಾಲನ್ನು ಕನ್ನಡದಲ್ಲಿ ಹೇಳುತ್ತೇನೆ, ಕೇಳು:

"ಅವ್ವಾ, ಇದನ್ನು ನಿನಗೆ ಓದಿ ಹೇಳುತ್ತಿರುವ ಅಪ್ಪನಿಗೆ ನನ್ನ ಶರಣಾರ್ಥಿ."