ಆಯಿಯ ಕಾಡಿಗೆ, ಹೈದರಾಬಾದಿನ ಯಂತ್ರ

ಕುಕನೂರಿನ ಕಳಕಮ್ಮ ಆಯಿಗೆ ಮೊಮ್ಮಗಳ ಶರಣು. ಫೋನಿನಲ್ಲಿ ನೀನೇ ಮಾತಾಡಿ ನೀನೇ ಇಟ್ಟುಬಿಡುತ್ತೀ, ಅದಕ್ಕೇ ಈ ಕಾರ್ಡು.

ಇಲ್ಲಿ ಹೈದರಾಬಾದಿನ ನಮ್ಮ ಲ್ಯಾಬಿನಲ್ಲಿ ಕಪಾಟಿನಷ್ಟು ದೊಡ್ಡ ಯಂತ್ರವಿದೆ. ಸತ್ತವರು ದಾನ ಕೊಟ್ಟ ಕಣ್ಣಿನ ಚೂರನ್ನು ಅರೆದು ಅದಕ್ಕೆ ಕೊಟ್ಟರೆ, ಜಿಡ್ಡಿನ ಒಂದೊಂದು ಅಣುವನ್ನೂ ತೂಗಿ, ಯಾವ ಯಾವ ಕೊಬ್ಬು ಇದೆ ಎಂದು ಹೇಳುತ್ತದೆ. ಹೋದ ವಾರ ನಾನು ಅರೆದ ಎಲ್ಲ ಕಣ್ಣುಗಳಲ್ಲೂ ಇದುವರೆಗೆ ಯಾರೂ ಕಾಣದ ಒಂದು ಕೊಬ್ಬು ಸಿಕ್ಕಿತು. ನಮ್ಮ ಮೇಡಂ ಖುಷಿಯಲ್ಲಿ ಲಾಡು ಹಂಚಿದರು. ಆಮೇಲೆ ನೋಡಿದರೆ ಅದು ಔಡಲೆಣ್ಣೆ!

ಸತ್ತವರ ಕಣ್ಣಿಗೆ ಔಡಲೆಣ್ಣೆ ಎಲ್ಲಿಂದ ಬಂತೆಂದು ತಲೆ ಕೆಡಿಸಿಕೊಂಡಿದ್ದ ಮೇಡಂ, ನನ್ನ ಮುಖ ನೋಡಿದ್ದೇ ಕೆನ್ನೆಯ ಕಡೆ ಬೆರಳು ತೋರಿಸಿದರು. "ಬರೇ ಕಣ್ಣಿಲೆ ಹೋಗಬ್ಯಾಡ ನನ್ನವ್ವಾ, ದೃಷ್ಟಿ ತಾಗತೈತಿ" ಎಂದು ನೀನು ದೀಪದ ಮಸಿಗೆ ಔಡಲೆಣ್ಣೆ ಕಲೆಸಿ ಕೊಟ್ಟಿದ್ದೆಯಲ್ಲ, ಆ ಕಾಡಿಗೆ ನನ್ನ ಕೆನ್ನೆಯವರೆಗೂ ಇಳಿದಿತ್ತು. ಎ.ಸಿ.ಗೆ ಕಣ್ಣುರಿದಾಗೆಲ್ಲ ಕೈಗವಸಿನಲ್ಲೇ ಉಜ್ಜಿಕೊಂಡು, ಅದೇ ಕೈಯಲ್ಲಿ ಅರೆದಿದ್ದೆ. ಮೇಡಂ ತೆಲುಗಿನಲ್ಲಿ ಬೈಯಲು ಶುರು ಮಾಡಿ, ಇಂಗ್ಲಿಷಿನಲ್ಲಿ ಮುಗಿಸಿ, ಡಬ್ಬಿ ಕಸಿದುಕೊಂಡರು.

ನನಗೆ ಆರಾಮ. ಕೆಮ್ಮು ಹೋಗಿದೆ, ಕೆಲಸ ಹೋಗಿಲ್ಲ. ಕಾಡಿಗೆ ಇನ್ನೊಂದು ಡಬ್ಬಿ ಕಳಿಸು. ಮೊದಲಿನದು ತಿರುಗಿ ಬರುವ ಲಕ್ಷಣವಿಲ್ಲ. ನಿನ್ನೆ ರವಿವಾರ ಮೇಡಂ ಬಜಾರಿನಲ್ಲಿ ಸಿಕ್ಕಿದ್ದರು. ಕಣ್ಣ ತುಂಬ ನಿನ್ನ ಕಾಡಿಗೆ. ಕೆನ್ನೆಗೆ ಇಳಿದದ್ದು ನೋಡಿದ ಕೂಡಲೇ ಗುರುತು ಹಿಡಿದೆ.

ಶಿವಲೀಲಾ